ಮಾರುವೇಷದ ದೊರೆಗೊಬ್ಬ ಗುಮಾಸ್ತ

ಮಗೂ,

ನೀನು ಕಳಿಸಿದ ಕಾದಂಬರಿಯ ಮೊದಲ ನಾಲ್ಕು ಅಧ್ಯಾಯಗಳನ್ನು ಎರಡು ಸಲ ಓದಿದೆ. ಏಳು ದ್ವೀಪಗಳ ಆ ದೇಶ, ಅಲ್ಲಿನ ಉಪ್ಪಿನ ಗದ್ದೆ, ಮಳೆಗಾಲದಲ್ಲಿ ಮುಚ್ಚಿಹೋಗುವ ಬಂದರು, ಎಲ್ಲವೂ ಕಣ್ಣಿಗೆ ಕಟ್ಟುತ್ತದೆ. ನಿನ್ನ ಮಹಾಪಾಲಕ ಮಾತ್ರ ಕಟ್ಟುವುದಿಲ್ಲ. ಅವನು ಸರ್ವಾಧಿಕಾರಿ, ಆದರೂ ಒಳ್ಳೆಯವನು, ಸರಿ, ಒಪ್ಪಿದೆ. ದಿನಕ್ಕೆ ನಾಲ್ಕು ತಾಸು ಮಲಗುತ್ತಾನೆ, ಗಂಜಿ ಕುಡಿಯುತ್ತಾನೆ, ಹರಿದ ಅಂಗಿಗೆ ತಾನೇ ತೇಪೆ ಹಾಕಿಕೊಳ್ಳುತ್ತಾನೆ, ರಾತ್ರಿ ಮಾರುವೇಷದಲ್ಲಿ ಊರು ಸುತ್ತುತ್ತಾನೆ. ನಿನ್ನ ಅಜ್ಜಿಗೆ ಓದಿ ಹೇಳಿದೆ. “ಇಷ್ಟು ಒಳ್ಳೆಯವನಿಗೆ ಒಂದು ಹೊಟ್ಟೆನೋವಾದರೂ ಬರಬಾರದಾ?” ಅಂದಳು.

ಅವಳ ಮಾತು ಹಗುರ ಅನ್ನಬೇಡ. ನೀನು ಬರೆದಿರುವುದು ಒಬ್ಬ ಮನುಷ್ಯನ ಗುಣಪಟ್ಟಿ, ಆಳ್ವಿಕೆಯನ್ನಲ್ಲ. ಆ ಮಾರುವೇಷವನ್ನೇ ತಗೋ. ಚಂದಮಾಮ ಓದಿ ಬೆಳೆದ ನಮಗೆ ಕಂಬಳಿ ಹೊದ್ದು ಬೀದಿ ತಿರುಗುವ ರಾಜ ಹೊಸಬನಲ್ಲ. ಆದರೆ ಅವನಿಗೆ ಕಂಬಳಿ ಯಾಕೆ ಬೇಕಾಯಿತು ಅಂತ ಆಗ ನಾವು ಕೇಳಲಿಲ್ಲ. ಹಗಲು ಆಸ್ಥಾನದಲ್ಲಿ ಕೇಳಿಸಿಕೊಂಡದ್ದು ನಿಜವಲ್ಲ ಅಂತ ಅವನಿಗೇ ಗೊತ್ತು, ಅದಕ್ಕೆ. ನಿನ್ನ ಕಥೆ ಇರುವುದು ಆ ಹಗಲಿನಲ್ಲಿ. ಉಪ್ಪಿನ ಗದ್ದೆಯಲ್ಲಿ ಆದ ಸಂಗತಿ ಅರಮನೆ ಮುಟ್ಟುವ ಹೊತ್ತಿಗೆ ಏನಾಗಿರುತ್ತದೆ? ಇದೊಂದನ್ನು ಕೂತು ಬಿಡಿಸು.

ನಾನು ಗ್ರಾಮ ಲೆಕ್ಕಿಗನಾಗಿ ಸೇರಿದ ಹೊಸತರಲ್ಲಿ ಒಂದು ವರ್ಷ ಮಳೆ ಕೈಕೊಟ್ಟಿತು. ರಾಗಿ ತೆನೆ ಕಟ್ಟಲೇ ಇಲ್ಲ. ಹದಿನಾರಾಣೆಗೆ ನಾಲ್ಕಾಣೆ ಬೆಳೆ ಅಂತ ಆಣೆವಾರಿ ಬರೆದು ಕಳಿಸಿದೆ. ಮೇಲಿನ ಮೇಜಿನಲ್ಲಿ ಅದು ಐದಾಣೆಯಾಯಿತು, ಅದರ ಮೇಲಿನದರಲ್ಲಿ ಏಳಾಣೆ. ಒಂದು ಹನಿ ನೀರಿಲ್ಲದೆ ಕಾಗದದ ಮೇಲೆ ಬೆಳೆದ ರಾಗಿ ಅದು! ಆ ಸಲ ನನ್ನ ಊರುಗಳಿಗೆ ಬರ ಪರಿಹಾರ ಬರಲಿಲ್ಲ. ಎಲ್ಲರ ಮೇಲಿದ್ದ ಸಾಹೇಬರು ಕಠಿಣರಾಗಿದ್ದರು ಅಂದುಕೊಂಡೆಯಾ? ಇಲ್ಲ ಮಗೂ. ಲಂಚ ಮುಟ್ಟದವರು, ಹಳ್ಳಿಯವರ ಜೊತೆ ಕಟ್ಟೆಯ ಮೇಲೆ ಕೂತು ಮಾತಾಡುವವರು. “ಪಾಪ, ಹಗಲೂ ರಾತ್ರಿ ದುಡೀತಾರೆ, ಅವರ ಮನಸ್ಸು ಯಾಕೆ ನೋಯಿಸೋಣ” ಅಂತಲೇ ನನ್ನ ಮೇಲಿನವರು ಅಂಕಿ ತಿದ್ದಿದ್ದು. ಹೆದರಿ ಸುಳ್ಳು ಹೇಳುವವನ ದನಿ ನಡುಗುತ್ತದೆ, ಚುರುಕಾದ ದೊರೆ ಹಿಡಿದುಬಿಡುತ್ತಾನೆ. ಪ್ರೀತಿಯಿಂದ ಹೇಳುವವನಿಗೆ ನಡುಕವೇ ಇಲ್ಲ. ಕೆಟ್ಟ ಸರ್ವಾಧಿಕಾರಿಯ ಕಥೆ ಬರೆಯುವವರಿಗೆ ಈ ಕಷ್ಟವಿಲ್ಲ, ನಿನಗಿದೆ. ನಿನ್ನ ಮಹಾಪಾಲಕನನ್ನು ಕುರುಡಾಗಿಸಬೇಕಾದವರು ಅವನನ್ನು ಪೂಜಿಸುವವರೇ.

ಈ ಗುಟ್ಟು ಅಶೋಕನಿಗೆ ತಿಳಿದಿತ್ತು ಅಂತ ಕಾಣುತ್ತದೆ. ತಾನು ಊಟಕ್ಕೆ ಕೂತಿರಲಿ, ಅಂತಃಪುರದಲ್ಲಿರಲಿ, ತೋಟದಲ್ಲಿರಲಿ, ಜನರ ಸುದ್ದಿ ತರುವವರು ಯಾವಾಗ ಬೇಕಾದರೂ ಒಳಗೆ ಬರಬಹುದು ಅಂತ ಆರನೆಯ ಬಂಡೆ ಶಾಸನದಲ್ಲಿ ಬರೆಸಿದ. ಹದಿಮೂರನೆಯದರಲ್ಲಿ ಕಳಿಂಗದಲ್ಲಿ ಕೊಲೆಯಾದವರು ಒಂದು ಲಕ್ಷ, ಸೆರೆಯಾಗಿ ಹೋದವರು ಒಂದೂವರೆ ಲಕ್ಷ ಅಂತ ತಾನೇ ಲೆಕ್ಕ ಕೊಟ್ಟು ಪಶ್ಚಾತ್ತಾಪಪಟ್ಟ. ಆದರೆ ಆ ಹದಿಮೂರನೆಯ ಶಾಸನ ಕಳಿಂಗದಲ್ಲಿಲ್ಲ. ಒಡಿಶಾದ ಧೌಲಿ, ಜೌಗಡದ ಬಂಡೆಗಳಲ್ಲಿ ಅದನ್ನು ಬಿಟ್ಟು ಬೇರೆ ಎರಡು ಆಜ್ಞೆ ಕೊರೆಸಿದ್ದಾರೆ. ಪಶ್ಚಾತ್ತಾಪ ದೂರದವರಿಗೆಲ್ಲ ತಿಳಿಯಿತು, ಪೆಟ್ಟು ತಿಂದವರ ಊರಿನ ಬಂಡೆಗೆ ಮಾತ್ರ ಏರಲಿಲ್ಲ. ಅದೇ ಶಾಸನದಲ್ಲಿ ಕಾಡಿನ ಜನಕ್ಕೊಂದು ಎಚ್ಚರಿಕೆಯೂ ಇದೆ: ಮರುಗಿದ್ದರೂ ಶಿಕ್ಷಿಸುವ ಶಕ್ತಿ ತನ್ನಲ್ಲಿದೆ ಅಂತ. ಕೈಯಲ್ಲಿ ಅಧಿಕಾರವಿದ್ದ ಒಳ್ಳೆಯತನ ಹೀಗಿರುತ್ತದೆ. ತೇಪೆ ಹಾಕಿದ ಅಂಗಿಗಿಂತ ಇದನ್ನು ನಾನು ಹೆಚ್ಚು ನಂಬುತ್ತೇನೆ.

ಮಾರುವೇಷಕ್ಕೆ ಬರುತ್ತೇನೆ. ಆಸ್ಟ್ರಿಯಾವನ್ನು ಆಳಿದ ಚಕ್ರವರ್ತಿ ಎರಡನೆಯ ಜೋಸೆಫ್ ನಿಜವಾಗಿಯೂ ‘ಕೌಂಟ್ ಫಾಲ್ಕೆನ್‌ಸ್ಟೈನ್’ ಅನ್ನುವ ಹೆಸರಿಟ್ಟುಕೊಂಡು ಊರೂರು ಸುತ್ತಿದವನು. 1781ರಲ್ಲಿ ಜಮೀನ್ದಾರರ ಕಟ್ಟಿನಿಂದ ರೈತರನ್ನು ಬಿಡಿಸಿದ, ಬೇರೆ ಮತದವರಿಗೆ ಪೂಜೆಯ ಸ್ವಾತಂತ್ರ್ಯ ಕೊಟ್ಟ. ಅಷ್ಟು ಸುತ್ತಿ, ಅಷ್ಟು ಕಂಡವನು 1784ರಲ್ಲಿ ಹೆಣದ ಪೆಟ್ಟಿಗೆಯ ಬಗ್ಗೆ ಒಂದು ಕಾನೂನು ತಂದ. ಮರ ದಂಡವಾಗುತ್ತಿದೆ, ಆದ್ದರಿಂದ ಹೆಣವನ್ನು ಚೀಲದಲ್ಲಿ ಹೊಲಿದು, ತಳ ತೆರೆಯುವ ಪೆಟ್ಟಿಗೆಯಲ್ಲಿ ಒಯ್ದು ಗುಂಡಿಗೆ ಇಳಿಸಿ, ಪೆಟ್ಟಿಗೆ ವಾಪಸ್ ತರಬೇಕು! ಲೆಕ್ಕದಲ್ಲಿ ತಪ್ಪಿಲ್ಲ, ನೋಡು. ಆದರೆ ತಾಯಿಯನ್ನು ಕಳೆದುಕೊಂಡವನ ಮುಂದೆ ಆ ಲೆಕ್ಕ ಇಡುವುದಕ್ಕಾಗುತ್ತದೆಯೇ? ಜನ ರೇಗಿದರು, ಕೆಲವೇ ತಿಂಗಳಲ್ಲಿ ಆಜ್ಞೆ ಹಿಂದೆ ಹೋಯಿತು. 1790ರ ಜನವರಿಯಲ್ಲಿ, ಸಾಯುವುದಕ್ಕೆ ಕೆಲವು ವಾರ ಮುಂಚೆ, ಹಂಗೆರಿಯಲ್ಲಿ ತಾನು ತಂದಿದ್ದ ಸುಧಾರಣೆಗಳಲ್ಲಿ ಬಹುಪಾಲನ್ನು ತಾನೇ ರದ್ದು ಮಾಡಿದ. ವೇಷ ಹಾಕಿಕೊಂಡರೆ ನೋಡಬಹುದು. ಎದುರುತ್ತರ ಕೇಳಿಸಿಕೊಳ್ಳಲು ವೇಷ ಕಳಚಿ ಕೂರಬೇಕಾಗುತ್ತದೆ.

ಇನ್ನು ಪ್ರಜೆಗಳೂ ಮಣ್ಣಿನ ಗೊಂಬೆಗಳಲ್ಲ. ಕಾರ್ನಾಡರ ‘ತುಘಲಕ್’ ಮತ್ತೆ ಓದು. ಅಲ್ಲಿ ಅಜೀಜ ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ಮೇಲೇ ದಾವೆ ಹೂಡಿ ಗೆಲ್ಲುತ್ತಾನೆ. ದೊರೆಯ ನ್ಯಾಯಬುದ್ಧಿಯೇ ಅವನಿಗೆ ಬಂಡವಾಳ. ನಿನ್ನ ದ್ವೀಪಗಳಲ್ಲಿ ಅಂಥವನೊಬ್ಬ ಇಲ್ಲದಿದ್ದರೆ ನನಗೆ ಆಶ್ಚರ್ಯವಾಗುತ್ತದೆ.

ನಮ್ಮ ಕಡೆ ಒಳ್ಳೆಯ ದೊರೆ ಅಂದಕೂಡಲೇ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಬರುತ್ತದೆ. ನಿನ್ನ ಮುತ್ತಜ್ಜ ಅವರ ಪಟಕ್ಕೆ ದಿನವೂ ಹೂ ಏರಿಸುತ್ತಿದ್ದರು. ಆದರೆ ಅವರು ಸರ್ವಾಧಿಕಾರಿಯಲ್ಲ ಅನ್ನುವುದನ್ನು ಮರೆಯಬೇಡ. ತಲೆಯ ಮೇಲೆ ಬ್ರಿಟಿಷ್ ರೆಸಿಡೆಂಟ್, ಪಕ್ಕದಲ್ಲಿ ದಿವಾನರು, ಎದುರಿಗೆ 1881ರಲ್ಲಿ ರಂಗಾಚಾರ್ಲು ಅವರ ಕಾಲದಲ್ಲಿ ಶುರುವಾದ ಪ್ರಜಾಪ್ರತಿನಿಧಿ ಸಭೆ. ಆ ಸಭೆ ಅಹವಾಲು ಹೇಳಿಕೊಳ್ಳಬಹುದಿತ್ತು, ದೊರೆಯ ಕೈ ಕಟ್ಟುವ ಅಧಿಕಾರ ಇರಲಿಲ್ಲ. ನಿನ್ನ ಮಹಾಪಾಲಕನಿಗೂ ಅಂಥದ್ದೊಂದು ಸಭೆ ಕೊಟ್ಟು ನೋಡು. ಎಷ್ಟು ವರ್ಷ ಬರೀ ಅಹವಾಲು ಹೇಳಿಕೊಂಡು ಸುಮ್ಮನಿದ್ದಾರು? 1918ರಲ್ಲಿ ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ವಿಚಾರಕ್ಕೆ ನಾಲ್ವಡಿಯವರು ಮಿಲ್ಲರ್ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರು ಒಪ್ಪಲಿಲ್ಲ, ದಿವಾನಗಿರಿ ಬಿಟ್ಟರು. ಇಬ್ಬರೂ ದೊಡ್ಡವರೇ. ನನ್ನ ಮನಸ್ಸು ದೊರೆಯ ಕಡೆಗೆ, ನಿನ್ನ ದೊಡ್ಡಪ್ಪ ಇವತ್ತಿಗೂ ದಿವಾನರ ಕಡೆಗೆ. ಹಬ್ಬದ ಊಟದಲ್ಲಿ ಆ ಜಗಳ ನೀನೂ ಕೇಳಿದ್ದೀಯ. ನಿನ್ನ ಕಥೆಯ ವಿರೋಧಿಗೆ ಕೋರೆಹಲ್ಲು ಇಡಬೇಡ, ಅಂಥ ಒಬ್ಬ ದಿವಾನನನ್ನು ಇಡು. ನಾಲ್ವಡಿಯವರ ಕಾಲದ ಕನ್ನಂಬಾಡಿ ಕಟ್ಟೆಯಿಂದ ಮಂಡ್ಯದ ಗದ್ದೆ ಹಸಿರಾಯಿತು, ಆದರೆ ಕನ್ನಂಬಾಡಿ ಊರು ಅದೇ ನೀರಿನ ತಳ ಸೇರಿತು. ಆ ಊರಿನವರ ಮೊಮ್ಮಕ್ಕಳು ಆ ಪಟಕ್ಕೆ ಹೂ ಏರಿಸುತ್ತಾರೋ ಇಲ್ಲವೋ ಅಂತ ಕಥೆಗಾರ್ತಿಯಾದ ನೀನು ಕೇಳಬೇಕು.

ಸಿಂಗಪುರದ ಉದಾಹರಣೆ ನೀನೇ ಕೊಟ್ಟಿದ್ದೀಯ. ಲೀ ಕ್ವಾನ್ ಯೂ 1959ರಿಂದ 1990ರವರೆಗೆ ಪ್ರಧಾನಿ. ಚುನಾವಣೆ ನಡೆಯುತ್ತಿತ್ತು, ಗೆಲ್ಲುವ ಪಕ್ಷ ಒಂದೇ. ಜನಕ್ಕೆ ಮನೆ ಸಿಕ್ಕಿತು, ಲಂಚ ತಗ್ಗಿತು, ಅದು ಸುಳ್ಳಲ್ಲ. ವಿರೋಧ ಪಕ್ಷದ ಚಿಯಾ ಥೈ ಪೋ ಅವರನ್ನು 1966ರಲ್ಲಿ ಹಿಡಿದು 23 ವರ್ಷ ವಿಚಾರಣೆಯಿಲ್ಲದೆ ಇಟ್ಟದ್ದೂ ಸುಳ್ಳಲ್ಲ. ಆಮೇಲೆ ಅವರನ್ನು ಸೆಂಟೋಸಾ ದ್ವೀಪದಲ್ಲಿರಿಸಿದರು, ಪ್ರವಾಸಿಗರು ಮಜಾ ಮಾಡಲು ಬರುವ ಜಾಗದಲ್ಲಿ. ಕೊನೆಯ ನಿರ್ಬಂಧ ತೆಗೆದದ್ದು 1998ರಲ್ಲಿ. ನಿನ್ನ ಏಳು ದ್ವೀಪಗಳಲ್ಲಿ ಏಳನೆಯದರಲ್ಲಿ ಯಾರೂ ಇಲ್ಲ ಅಂತ ಬರೆದಿದ್ದೀಯಲ್ಲ, ಒಮ್ಮೆ ದೋಣಿ ಕಳಿಸಿ ನೋಡು.

ಮುಂದಿನ ದೊರೆ ಯಾರು ಅನ್ನುವುದನ್ನು ಬಹಳ ಎಳೆಯಬೇಡ, ಎಲ್ಲರೂ ಅದನ್ನೇ ಬರೆಯುತ್ತಾರೆ. ಭೂತಾನದ ನಾಲ್ಕನೆಯ ದೊರೆ 2006ರಲ್ಲಿ ತಾನಾಗಿ ಗದ್ದುಗೆ ಬಿಟ್ಟರು, 2008ರಲ್ಲಿ ಚುನಾವಣೆ ಆಯಿತು, ಪ್ರಜಾಪ್ರಭುತ್ವ ಬೇಡ ಅಂದವರು ಪ್ರಜೆಗಳೇ. ಆದರೆ ಅದೇ ಆಳ್ವಿಕೆಯಲ್ಲಿ ನೇಪಾಳಿ ಮಾತಾಡುವ ಸುಮಾರು ಒಂದು ಲಕ್ಷ ಜನ ದೇಶ ಬಿಟ್ಟು ನೇಪಾಳದ ಶಿಬಿರಗಳಲ್ಲಿ ಬದುಕಿದರು. ಎರಡನ್ನೂ ಒಂದೇ ಪುಟದಲ್ಲಿ ಬರೆಯುವ ಧೈರ್ಯ ಮಾಡು.

ಎರಡನೆಯ ಅಧ್ಯಾಯದಲ್ಲಿ ಉಪ್ಪಿನ ಕೋಠಿಯ ಗುಮಾಸ್ತನೊಬ್ಬ ಮಸಿಕುಡಿಕೆ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ. ಅವನಿಗೆ ಹೆಸರೂ ಇಲ್ಲ, ಎರಡೇ ಸಾಲಿಗೆ ಮರೆಯಾಗುತ್ತಾನೆ. ಈ ಸಲ ಉಪ್ಪು ನಾಲ್ಕಾಣೆ ಅನ್ನುವುದು ಅವನಿಗೆ ಗೊತ್ತಿದೆ. ಮಹಾಪಾಲಕನ ಮೇಲೆ ಪ್ರಾಣ ಇಟ್ಟುಕೊಂಡವನು, ಮಗನಿಗೆ ಆ ದೊರೆಯ ಹೆಸರನ್ನೇ ಇಟ್ಟಿದ್ದಾನೆ ಅಂದುಕೋ. ಅವನನ್ನು ಒಳಗೆ ಕರೆದು ಕೂರಿಸಿ, ಅವನು ಏನು ಬರೆಯುತ್ತಾನೆ ನೋಡಿಕೊಂಡು ಐದನೆಯ ಅಧ್ಯಾಯ ಕಳಿಸು. ಅಕ್ಷರ ಸ್ವಲ್ಪ ದೊಡ್ಡದಿರಲಿ, ಎಡಗಣ್ಣಿನ ಪೊರೆ ಇನ್ನೂ ತೆಗೆಸಿಲ್ಲ.