ಪಚ್ಚಿಲೆಯ ಮೇವಿಗೆ ಸಿಲಿಕಾನ್

ಪಡನ್ನದ ಹಿನ್ನೀರಿನಲ್ಲಿ ಪಚ್ಚಿಲೆ ಎಂಬ ಚಿಪ್ಪುಜೀವಿಯನ್ನು ಸಾಕುವವರು ಅದಕ್ಕೆ ಒಂದು ಹಿಡಿ ಮೇವನ್ನೂ ಹಾಕುವುದಿಲ್ಲ. ಮಳೆಗಾಲ ಕಳೆದ ಮೇಲೆ ಕಡಲ ಬಂಡೆಗಳಿಂದ ಕಿತ್ತು ತಂದ ಮರಿಗಳನ್ನು ನೈಲಾನ್ ಹಗ್ಗದ ಸುತ್ತ ಹರಡಿ, ಹತ್ತಿಯ ಬಲೆಬಟ್ಟೆ ಸುತ್ತಿ ನೀರಿಗೆ ಇಳಿಬಿಡುತ್ತಾರೆ. ಬಟ್ಟೆ ಕೊಳೆತುಹೋಗುವಷ್ಟರಲ್ಲಿ ಮರಿಗಳು ತಮ್ಮದೇ ಎಳೆ ಬಿಟ್ಟು ಹಗ್ಗ ಹಿಡಿದಿರುತ್ತವೆ. ಮುಂದಿನ ಮಳೆಯ ಸಿಹಿನೀರು ನುಗ್ಗುವ ಮೊದಲೇ ಕೊಯ್ಲು. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮಾರ್ಗದರ್ಶನದಲ್ಲಿ 1990ರ ದಶಕದಲ್ಲಿ ಪಡನ್ನ, ಚೆರುವತ್ತೂರು ಭಾಗದ ಮಹಿಳಾ ಸ್ವಸಹಾಯ ಗುಂಪುಗಳು ಕೈಗೆತ್ತಿಕೊಂಡ ಕಸುಬಿದು.

ಪಚ್ಚಿಲೆ ನೀರು ಸೋಸಿ ತಿನ್ನುವ ಸೂಕ್ಷ್ಮಜೀವಿಗಳಲ್ಲಿ ಮುಖ್ಯವಾದದ್ದು ಡಯಾಟಮ್ ಎಂಬ ಏಕಕೋಶದ ಪಾಚಿ. ಇದಕ್ಕೆ ಸಿಲಿಕಾದ (ಸಿಲಿಕಾನ್‌ನ ಆಕ್ಸೈಡ್) ಕವಚವಿದೆ. ಮುಚ್ಚಳ ಹಾಕಿದ ಡಬ್ಬಿಯಂತೆ ಎರಡು ಹೋಳು. ಕೋಶ ಎರಡಾದಾಗ ಪ್ರತಿ ಮರಿಗೂ ಒಂದು ಹೋಳು ಪಾಲಿಗೆ ಬರುತ್ತದೆ, ಇನ್ನೊಂದನ್ನು ಅದೇ ಕಟ್ಟಿಕೊಳ್ಳಬೇಕು. ಅದಕ್ಕೆ ಬೇಕಾದ ಸರಕು ನೀರಿನಲ್ಲಿ ಕರಗಿರುವ ಸಿಲಿಸಿಕ್ ಆಮ್ಲ. ಅದು ಮುಗಿದರೆ ಸಾರಜನಕ, ರಂಜಕ ಎಷ್ಟಿದ್ದರೂ ಡಯಾಟಮ್ ಹೆಚ್ಚುವುದಿಲ್ಲ.

ಈ ಸರಕು ಬರುವುದು ಗುಡ್ಡಗಳಿಂದ. ಯುಗಯುಗಗಳ ಮಳೆ ಬಂಡೆಯ ಸಿಲಿಕಾವನ್ನು ತೊಳೆದೊಯ್ದು ಕಬ್ಬಿಣ, ಅಲ್ಯೂಮಿನಿಯಂ ಉಳಿಸಿದ್ದರಿಂದಲೇ ನಮ್ಮ ಮುರಕಲ್ಲು ಮುರಕಲ್ಲಾಯಿತು. ಚಂದ್ರಗಿರಿ, ಶಿರಿಯ, ತೇಜಸ್ವಿನಿ ಹೊಳೆಗಳು ಈಗಲೂ ಕರಗಿದ ಸಿಲಿಕಾವನ್ನು ಅಳಿವೆಗೆ ತರುತ್ತಿವೆ.

ಸಿಗಡಿ ಹೊಂಡದ ಕಥೆ ಬೇರೆ.

ಅಲ್ಲಿ ಯೂರಿಯಾ, ಸೂಪರ್ ಫಾಸ್ಫೇಟ್ ಬಿದ್ದಷ್ಟೂ ಸಾರಜನಕ, ರಂಜಕ ಏರುತ್ತವೆ, ಸಿಲಿಕಾನ್ ಏರುವುದಿಲ್ಲ. ಡಯಾಟಮ್ ಸಾಮಾನ್ಯವಾಗಿ 16 ಪರಮಾಣು ಸಾರಜನಕಕ್ಕೆ 15 ಪರಮಾಣು ಸಿಲಿಕಾನ್ ಬಳಸುತ್ತದೆ. ತೂಕದಲ್ಲಿ ನೋಡಿದರೆ ಸಿಲಿಕಾನ್ ಸಾರಜನಕದ ಹತ್ತಿರ ಹತ್ತಿರ ಎರಡು ಪಟ್ಟು. ಪರೀಕ್ಷೆಯ ವರದಿ ಮಿಲಿಗ್ರಾಂ ಲೆಕ್ಕದಲ್ಲಿ ಬರುವುದರಿಂದ ಇದು ನೆನಪಿರಲಿ. ಕೊರತೆಯಾದರೆ ಹೊಂಡದ ಹೊಂಗಂದು ಬಣ್ಣ ಮಾಸಿ ನೀಲಿಹಸಿರು ಪಾಚಿ ಮೇಲುಗೈ ಪಡೆಯಬಹುದು. ಸಿಗಡಿಗೆ ಅದು ಒಳ್ಳೆಯ ಮೇವಲ್ಲ.

ಹಾಗೆಂದು ಅಂಗಡಿಯವರು ಕೊಟ್ಟ ಸಿಲಿಕೇಟ್ ಡಬ್ಬವನ್ನು ಕಣ್ಣುಮುಚ್ಚಿ ಸುರಿಯಬಾರದು. ಸೋಡಿಯಂ ಸಿಲಿಕೇಟ್ ಕ್ಷಾರೀಯ. ನೀರಿನ ಪಿಎಚ್ ಏರಿದರೆ ಅಮೋನಿಯಾದ ವಿಷವೂ ಏರುತ್ತದೆ. ಮೊದಲು ನೀರು ಪರೀಕ್ಷಿಸಬೇಕು. ಹೊಳೆನೀರು ಬಂದುಹೋಗುವ ಹೊಂಡದಲ್ಲಿ ಸಿಲಿಕಾನ್ ಆಗಲೇ ಸಾಕಷ್ಟಿದ್ದರೆ ಆ ಖರ್ಚು ದಂಡ.

ಭತ್ತ, ಸಿಗಡಿ ಎರಡನ್ನೂ ಸರದಿಯಲ್ಲಿ ಬೆಳೆಯುವ ಕೈಪಾಡು ಗದ್ದೆಯವರದು ಇನ್ನೂ ಅಗ್ಗದ ದಾರಿ. ಅವರು ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೇರಳ. ಉಪ್ಪುನೀರು ಹಾಯಿಸಿ ಸಿಗಡಿ ಬಿಡುವ ಹೊತ್ತಿಗೆ ಹುಲ್ಲು ಕೊಳೆಯುತ್ತ ಅದರ ಸಿಲಿಕಾ ಸ್ವಲ್ಪಸ್ವಲ್ಪವಾಗಿ ನೀರಿಗೆ ಸೇರುತ್ತದೆ.