ಐದನೇ ಸ್ಥಾನದವರು ಪಾಟ್ 1ರಲ್ಲಿ, ಎರಡನೇ ಸ್ಥಾನದವರು ಪಾಟ್ 4ರಲ್ಲಿ

2023-24ರ ಜರ್ಮನಿಯ ಬುಂಡೆಸ್‌ಲಿಗಾ ಮುಗಿದಾಗ ಪಾಯಿಂಟ್ಸ್ ಟೇಬಲ್‌ನ ಮೇಲಿನ ಐದು ಸಾಲು ಹೀಗಿತ್ತು: ಲೆವರ್ಕುಸೆನ್ 90, ಸ್ಟುಟ್‌ಗಾರ್ಟ್ 73, ಬಯರ್ನ್ ಮ್ಯೂನಿಕ್ 72, ಲೈಪ್ಜಿಗ್ 65, ಡಾರ್ಟ್ಮಂಡ್ 63. ಲೆವರ್ಕುಸೆನ್ 34 ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ. ಐದೂ ತಂಡಗಳು ಮುಂದಿನ ಸೀಸನ್‌ನ ಚಾಂಪಿಯನ್ಸ್ ಲೀಗ್‌ಗೆ ಹೋದವು. ಅಲ್ಲಿ ಯಾರು ಯಾರ ಜೊತೆ ಆಡಬೇಕು ಅಂತ ಚೀಟಿ ಎತ್ತುವ ಮೊದಲು 36 ತಂಡಗಳನ್ನು ಒಂಬತ್ತೊಂಬತ್ತರಂತೆ ನಾಲ್ಕು ಪಾಟ್‌ಗಳಿಗೆ ಹಾಕುತ್ತಾರೆ. ಪಾಟ್ 1 ಅಂದರೆ ದೊಡ್ಡ ಕುಳಗಳು, ಪಾಟ್ 4 ಅಂದರೆ ಸಣ್ಣವರು. ಜರ್ಮನಿಯ ಮೂರು, ನಾಲ್ಕು, ಐದನೇ ಸ್ಥಾನದವರು ಪಾಟ್ 1ರಲ್ಲಿ ಕೂತರು. ಸೋಲೇ ಕಾಣದ ಚಾಂಪಿಯನ್ ಪಾಟ್ 2ರಲ್ಲಿ. ಎರಡನೇ ಸ್ಥಾನದ ಸ್ಟುಟ್‌ಗಾರ್ಟ್ ಪಾಟ್ 4ರಲ್ಲಿ.

ಇದ್ಯಾವ ನ್ಯಾಯ ಸ್ವಾಮಿ ಅಂತ ಯಾರಿಗಾದರೂ ಅನ್ನಿಸುತ್ತದೆ. ಉತ್ತರ ಇರುವುದು ಕ್ಲಬ್ ಕೋಎಫಿಶಿಯಂಟ್ ಎಂಬ ಸಂಖ್ಯೆಯಲ್ಲಿ. ಕಳೆದ ಐದು ಸೀಸನ್‌ಗಳಲ್ಲಿ ಯುರೋಪಿನ ಕಪ್‌ಗಳಲ್ಲಿ ಒಂದು ಕ್ಲಬ್ ಗಳಿಸಿದ ಅಂಕಗಳ ಮೊತ್ತ ಅದು. ಒಂಥರಾ ಸಿಜಿಪಿಎ, ಆದರೆ ನಿಮ್ಮ ಕಾಲೇಜಿನ ಪರೀಕ್ಷೆ ಲೆಕ್ಕಕ್ಕಿಲ್ಲ, ಹೊರಗಿನ ಫೆಸ್ಟ್‌ಗಳಲ್ಲಿ ಗೆದ್ದದ್ದು ಮಾತ್ರ ಲೆಕ್ಕ. ಇದಕ್ಕೊಂದು ಉಪನಿಯಮವೂ ಇದೆ: ಕ್ಲಬ್ಬಿನ ಸ್ವಂತ ಮೊತ್ತ ಅದರ ದೇಶದ ಕೋಎಫಿಶಿಯಂಟ್‌ನ ಶೇ. 20ಕ್ಕಿಂತ ಕಡಿಮೆ ಇದ್ದರೆ, ಆ ಶೇ. 20ನ್ನೇ ಕೊಡುತ್ತಾರೆ. ಸ್ಟುಟ್‌ಗಾರ್ಟ್ ಹಿಂದಿನ ಐದು ವರ್ಷ ಯುರೋಪಿನಲ್ಲಿ ಆಡಿಯೇ ಇರಲಿಲ್ಲ, ಹಾಗಾಗಿ ಜರ್ಮನಿಯ ಹೆಸರಿನ ಮೇಲೆ ಸಿಕ್ಕ ಅಂಕವೇ ಅದರ ಬಂಡವಾಳ. ಡಾರ್ಟ್ಮಂಡ್ ಪಾಟ್ 1ರಲ್ಲಿ ಇದ್ದದ್ದಕ್ಕೆ ನಾವು ಹೊಟ್ಟೆ ಉರಿದುಕೊಳ್ಳಬೇಕಿಲ್ಲ, ಅವರು ಅದೇ ವರ್ಷ ಚಾಂಪಿಯನ್ಸ್ ಲೀಗ್ ಫೈನಲ್ ಆಡಿದ್ದರು.

ಈ ನಿಯಮ ಮೊದಲಿನಿಂದಲೂ ಹೀಗೇ ಇರಲಿಲ್ಲ. 2015ರವರೆಗೆ ಕೋಎಫಿಶಿಯಂಟ್ ನೋಡಿಯೇ ಪಾಟ್ ಮಾಡುತ್ತಿದ್ದರು. 2015-16ರಿಂದ ಯುಇಎಫ್‌ಎ ಬೇರೆ ದಾರಿ ಹಿಡಿಯಿತು: ಹಿಂದಿನ ವಿಜೇತರ ಜೊತೆಗೆ ಮುಂಚೂಣಿಯ ದೇಶಗಳ ಲೀಗ್ ಚಾಂಪಿಯನ್‌ಗಳಿಗೆ ಪಾಟ್ 1. ಮೊದಲ ವರ್ಷವೇ ಪಿಎಸ್‌ವಿ ಪಾಟ್ 1ರಲ್ಲಿ, ರಿಯಲ್ ಮ್ಯಾಡ್ರಿಡ್ ಪಾಟ್ 2ರಲ್ಲಿ. ಮರುವರ್ಷ ಇಂಗ್ಲೆಂಡಿನ ಚಾಂಪಿಯನ್ ಲೆಸ್ಟರ್ ಸಿಟಿ. ಸೀಸನ್ ಶುರುವಾಗುವಾಗ ಬೆಟ್ಟಿಂಗ್ ಅಂಗಡಿಗಳು ಇವರ ಗೆಲುವಿಗೆ ಒಂದಕ್ಕೆ 5000 ಕೊಡುತ್ತಿದ್ದವು ಅನ್ನೋ ಕಥೆ ನಿಮಗೆ ಗೊತ್ತೇ ಇದೆ. ಹೊಸ ನಿಯಮದಿಂದ ಅವರಿಗೆ ಪಾಟ್ 1 ಸಿಕ್ಕಿತು, ಗುಂಪಿನಲ್ಲಿ ಪೋರ್ಟೊ, ಬ್ರೂಗ್, ಕೋಪನ್‌ಹೇಗನ್ ಬಂದವು, ಗುಂಪಿಗೆ ಮೊದಲಿಗರಾಗಿ ಕ್ವಾರ್ಟರ್ ಫೈನಲ್‌ವರೆಗೂ ಹೋದರು. ಈ ವರ್ಷ ಗೆದ್ದವನಿಗೆ ಈ ವರ್ಷವೇ ಮರ್ಯಾದೆ ಅನ್ನುವುದು ನಮಗೆ ಇಷ್ಟವಾದ ನಿಯಮ. 2024ರಲ್ಲಿ ಅದನ್ನು ತೆಗೆದುಹಾಕಿದರು. ಈಗ ಹಾಲಿ ವಿಜೇತರನ್ನು ಬಿಟ್ಟರೆ ಉಳಿದವರಿಗೆಲ್ಲ ಮತ್ತೆ ಕೋಎಫಿಶಿಯಂಟೇ ಗತಿ.

ಆದರೆ ಇಲ್ಲಿ ಒಂದು ತಿರುವಿದೆ, ಇದನ್ನು ತುಂಬಾ ಜನ ಗಮನಿಸಿಲ್ಲ. ಹಳೆಯ ಪದ್ಧತಿಯಲ್ಲಿ ನಾಲ್ಕು ತಂಡಗಳ ಗುಂಪು, ಒಂದೊಂದು ಪಾಟ್‌ನಿಂದ ಒಂದೊಂದು ತಂಡ. ಪಾಟ್ 1ರಲ್ಲಿದ್ದರೆ ಇನ್ನೊಬ್ಬ ಪಾಟ್ 1ರವನ ಮುಖ ಗುಂಪು ಹಂತದಲ್ಲಿ ನೋಡಬೇಕಿರಲಿಲ್ಲ. ಅದು ನಿಜವಾದ ಲಾಭ. ಈಗ ಗುಂಪುಗಳೇ ಇಲ್ಲ. ಪ್ರತಿ ತಂಡಕ್ಕೂ ಎಂಟು ಪಂದ್ಯ, ಪ್ರತಿ ಪಾಟ್‌ನಿಂದ ಇಬ್ಬಿಬ್ಬರು ಎದುರಾಳಿಗಳು, ತನ್ನ ಪಾಟ್‌ನವರೂ ಸೇರಿ. ಹಾಗಾಗಿ ಯಾವ ಪಾಟ್‌ನಲ್ಲಿದ್ದರೂ ಪ್ರಶ್ನೆಪತ್ರಿಕೆ ಹೆಚ್ಚುಕಮ್ಮಿ ಒಂದೇ. ಪಾಟ್ 2ರ ಲೆವರ್ಕುಸೆನ್‌ಗೆ ಪಾಟ್ 1ರಿಂದ ಬಂದವರು ಲಿವರ್‌ಪೂಲ್ ಮತ್ತು ಇಂಟರ್. ಪಾಟ್ 1ರ ಲೈಪ್ಜಿಗ್‌ಗೆ ಬಂದವರೂ ಅದೇ ಲಿವರ್‌ಪೂಲ್, ಅದೇ ಇಂಟರ್! ಕೊನೆಗೆ ಲೆವರ್ಕುಸೆನ್ 6ನೇ ಸ್ಥಾನ, ಎಂಟರಲ್ಲಿ ಏಳು ಸೋತ ಲೈಪ್ಜಿಗ್ 32ನೇ ಸ್ಥಾನ. ಪಾಟ್ 4ರ ಆಸ್ಟನ್ ವಿಲ್ಲಾ 8ನೆಯವರಾಗಿ ನೇರವಾಗಿ 16ರ ಘಟ್ಟಕ್ಕೆ ಹೋದರು.

ಅಂದರೆ ಸೀಡಿಂಗ್ ಬಗ್ಗೆ ಕೂಗಾಡುವವರು ಹಳೆಯ ಜಗಳವನ್ನೇ ಆಡುತ್ತಿದ್ದಾರೆ ಅಂತ ನಮ್ಮ ಅಭಿಪ್ರಾಯ. ಕೋಎಫಿಶಿಯಂಟ್ ಕಚ್ಚುವುದು ಚೀಟಿಯಲ್ಲಲ್ಲ, ಚೆಕ್ಕಿನಲ್ಲಿ.

2018ರಿಂದ 2021ರವರೆಗಿನ ಲೆಕ್ಕ ನೋಡೋಣ, ಅದು ತಿಳಿಯಾಗಿದೆ. ಒಟ್ಟು 195 ಕೋಟಿ ಯೂರೋ. ಅದರಲ್ಲಿ ಶೇ. 25 ಎಲ್ಲರಿಗೂ ಸಮಪಾಲು, ಶೇ. 30 ಈ ವರ್ಷದ ಫಲಿತಾಂಶಕ್ಕೆ, ಶೇ. 15 ಟಿವಿ ಮಾರುಕಟ್ಟೆಗೆ, ಉಳಿದ ಶೇ. 30 ಹತ್ತು ವರ್ಷಗಳ ಕೋಎಫಿಶಿಯಂಟ್‌ಗೆ. ಈ ಕೊನೆಯದನ್ನು ಹಂಚುವುದು ಹೀಗೆ: 32 ತಂಡಗಳನ್ನು ಸಾಲಾಗಿ ನಿಲ್ಲಿಸಿ, ಕೊನೆಯವನಿಗೆ 1 ಪಾಲು, ಅವನ ಮುಂದಿನವನಿಗೆ 2, ಹೀಗೆ ಏರುತ್ತಾ ಮೊದಲನೆಯವನಿಗೆ 32 ಪಾಲು. ಸಮಾಂತರ ಶ್ರೇಢಿ, ಪಿಯುಸಿಯಲ್ಲಿ ಮಾಡಿದ್ದೇ. ಒಟ್ಟು 528 ಪಾಲು, ಒಂದು ಪಾಲಿಗೆ 11.08 ಲಕ್ಷ ಯೂರೋ. ಮೊದಲನೆಯವನಿಗೆ 3.546 ಕೋಟಿ. ಗುಂಪು ಹಂತದಲ್ಲಿ ಒಂದು ಗೆಲುವಿಗೆ ಸಿಗುತ್ತಿದ್ದದ್ದು 27 ಲಕ್ಷ.

ಈಗ ಎರಡು ತಂಡಗಳನ್ನು ಊಹಿಸಿಕೊಳ್ಳಿ. ಒಂದು ರ‍್ಯಾಂಕಿಂಗ್‌ನಲ್ಲಿ ಕೊನೆಯದು, ಆದರೆ ಆರಕ್ಕೆ ಆರೂ ಪಂದ್ಯ ಗೆದ್ದಿತು: 1.62 ಕೋಟಿ, ಜೊತೆಗೆ ಒಂದು ಪಾಲು, ಒಟ್ಟು ಸುಮಾರು 1.73 ಕೋಟಿ. ಇನ್ನೊಂದು ರ‍್ಯಾಂಕಿಂಗ್‌ನಲ್ಲಿ ಮೊದಲನೆಯದು, ಆರೂ ಸೋತಿತು: 3.546 ಕೋಟಿ. ಎಲ್ಲಾ ಸೋತವನಿಗೆ ಎಲ್ಲಾ ಗೆದ್ದವನ ಎರಡರಷ್ಟು! ಇಷ್ಟು ಸಾಲದು ಅಂತ, ಆ ಹತ್ತು ವರ್ಷಗಳ ಪಟ್ಟಿಯಲ್ಲಿ 1955-56ರಿಂದ ಗೆದ್ದ ಯುರೋಪಿಯನ್ ಕಪ್‌ಗಳಿಗೂ ಬೋನಸ್ ಅಂಕ ಇತ್ತು. ನಿಮ್ಮ ಇಂಟರ್ನಲ್ಸ್ ಅಂಕಕ್ಕೆ ನಿಮ್ಮ ತಾತನ ಡಿಗ್ರಿ ಅಂಕ ಸೇರಿಸಿದ ಹಾಗೆ.

2024ರಿಂದ ಸ್ವಲ್ಪ ಸುಧಾರಿಸಿದ್ದಾರೆ, ಇಲ್ಲ ಅನ್ನಲಾಗದು. ಸಮಪಾಲು ಶೇ. 27.5ಕ್ಕೆ, ಫಲಿತಾಂಶದ ಪಾಲು ಶೇ. 37.5ಕ್ಕೆ ಏರಿದೆ. ಕೋಎಫಿಶಿಯಂಟ್ ಮತ್ತು ಟಿವಿ ಮಾರುಕಟ್ಟೆ ಎರಡನ್ನೂ ಸೇರಿಸಿ ಶೇ. 35ರ ಒಂದೇ ಕಂಬ ಮಾಡಿದ್ದಾರೆ, ಮೊದಲು ಅವೆರಡೂ ಸೇರಿ ಶೇ. 45 ಇತ್ತು. ಆದರೂ ಆ ಕಂಬದಲ್ಲಿರುವುದು 85.3 ಕೋಟಿ ಯೂರೋ. ಅದರ ಎರಡೂ ಭಾಗಗಳಲ್ಲಿ ಮೊದಲ ಸ್ಥಾನದಲ್ಲಿರುವ ಕ್ಲಬ್ಬಿಗೆ ಸುಮಾರು 4.6 ಕೋಟಿ, ಎರಡರಲ್ಲೂ ಕೊನೆಯಲ್ಲಿರುವವರಿಗೆ ಸುಮಾರು 13 ಲಕ್ಷ. ಒಂದು ಗೆಲುವಿಗೆ ಈಗ 21 ಲಕ್ಷ.

ಎಲೆಕ್ಟ್ರಾನಿಕ್ಸ್ ಓದುವವರಿಗೆ ಇದರ ಹೆಸರು ಹೇಳಬೇಕಿಲ್ಲ, ಇದು ಪಾಸಿಟಿವ್ ಫೀಡ್‌ಬ್ಯಾಕ್. ಔಟ್‌ಪುಟ್‌ನ ಒಂದು ಭಾಗ ತಿರುಗಿ ಇನ್‌ಪುಟ್‌ಗೇ ಸೇರುತ್ತಿದೆ: ಅಂಕದಿಂದ ದುಡ್ಡು, ದುಡ್ಡಿನಿಂದ ಆಟಗಾರರು, ಆಟಗಾರರಿಂದ ಮತ್ತೆ ಅಂಕ. ಖರ್ಚಿಗೆ ಮಿತಿ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ತಂಡದ ಖರ್ಚು ಆದಾಯದ ಶೇ. 70 ಮೀರಬಾರದು. ಆದರೆ ಅದು ಆದಾಯದ ಅನುಪಾತ, ಆದಾಯ ಜಾಸ್ತಿ ಇದ್ದವನ ಮಿತಿಯೂ ಜಾಸ್ತಿ. ನಮ್ಮ ಐಪಿಎಲ್‌ನಲ್ಲಿ 2025ರ ಹರಾಜಿಗೆ ಆರ್‌ಸಿಬಿಗೂ 120 ಕೋಟಿ ರೂಪಾಯಿ, ಪಂಜಾಬಿಗೂ 120 ಕೋಟಿ. ಅದು ಸ್ಥಿರಾಂಕ, ಇದು ಗುಣಕ.

ದೊಡ್ಡ ಕ್ಲಬ್ಬುಗಳ ವಾದವೂ ಪೂರ್ತಿ ಸುಳ್ಳಲ್ಲ. ರಾತ್ರಿ ಒಂದೂವರೆಗೆ ಹಾಸ್ಟೆಲ್‌ನಲ್ಲಿ ನಾವು ಕಣ್ಣುಜ್ಜಿಕೊಂಡು ನೋಡುವುದು ಹೆಚ್ಚಾಗಿ ರಿಯಲ್, ಬಾರ್ಸಾ, ಲಿವರ್‌ಪೂಲ್ ಮ್ಯಾಚುಗಳನ್ನೇ, ಟಿವಿ ದುಡ್ಡು ಬರುವುದು ಅದರಿಂದಲೇ. ಜೊತೆಗೆ ಬಿಟ್ಟುಹೋಗುವ ಬೆದರಿಕೆಯೂ ಖಾಲಿ ಮಾತಲ್ಲ: 2021ರ ಏಪ್ರಿಲ್‌ನಲ್ಲಿ 12 ಕ್ಲಬ್ಬುಗಳು ಸೂಪರ್ ಲೀಗ್ ಘೋಷಿಸಿಯೇಬಿಟ್ಟವು, ಅಭಿಮಾನಿಗಳು ಬೀದಿಗಿಳಿದ ಮೇಲೆ ಕೆಲವೇ ದಿನಗಳಲ್ಲಿ ಅದು ಕುಸಿಯಿತು. ಹಳೆಯ ಕೋಎಫಿಶಿಯಂಟ್ ನೋಡಿ ಎರಡು ಕ್ಲಬ್ಬುಗಳಿಗೆ ಪ್ರವೇಶವನ್ನೇ ಕೊಡುವ ಯೋಜನೆಯನ್ನು ಯುಇಎಫ್‌ಎ 2022ರ ಮೇ ತಿಂಗಳಲ್ಲಿ ಕೈಬಿಟ್ಟಿತು. ಆ ಎರಡು ಜಾಗ ಈಗ ಹಿಂದಿನ ವರ್ಷ ಚೆನ್ನಾಗಿ ಆಡಿದ ದೇಶಗಳಿಗೆ ಹೋಗುತ್ತದೆ. ಬಾಗಿಲಲ್ಲಿ ತಪ್ಪೆನಿಸಿದ್ದು ಖಜಾನೆಯಲ್ಲಿ ಹೇಗೆ ಸರಿ?

ಹಾಗಂತ ಎಲ್ಲವನ್ನೂ ಸಮನಾಗಿ ಹಂಚಿದರೆ ಮುಗಿಯಿತಾ? ಅದೂ ಇಲ್ಲ. ಈಗಿನ ಸಮಪಾಲು ಒಂದು ಕ್ಲಬ್ಬಿಗೆ 1.862 ಕೋಟಿ ಯೂರೋ. ಮ್ಯಾಂಚೆಸ್ಟರ್ ಸಿಟಿಗೆ ಅದು ಚಿಲ್ಲರೆ, ಸಣ್ಣ ದೇಶದ ಲೀಗಿನಲ್ಲಿ ಅದೇ ದುಡ್ಡು ಒಂದೇ ಕ್ಲಬ್ಬಿಗೆ ಸಿಕ್ಕರೆ ಉಳಿದವರು ಮೇಲೇಳುವುದೇ ಕಷ್ಟ. ಬಲ್ಗೇರಿಯಾದ ರಾಜ್‌ಗ್ರಾಡ್ ಎಂಬ ಸಣ್ಣ ಊರಿನ ಲುಡೊಗೊರೆಟ್ಸ್ 2012ರಿಂದ 2025ರವರೆಗೆ ಸತತ 14 ಸಲ ಲೀಗ್ ಗೆದ್ದಿತು. ಶುರುವಾದದ್ದು ಮಾಲೀಕರ ದುಡ್ಡಿನಿಂದಲೇ ಇರಬಹುದು, ಆದರೆ ಯುರೋಪಿನಿಂದ ವರ್ಷ ವರ್ಷ ಬರುವ ಹಣ ಆ ಅಂತರವನ್ನು ಕಿರಿದಾಗಲು ಬಿಡಲಿಲ್ಲ. ಯುರೋಪಿನ ಕಪ್‌ಗಳಲ್ಲಿ ಆಡದ ಕ್ಲಬ್ಬುಗಳಿಗೆಂದು ಯುಇಎಫ್‌ಎ ತೆಗೆದಿಡುವುದು ಸುಮಾರು 30.8 ಕೋಟಿ ಯೂರೋ, ಒಟ್ಟು ಆದಾಯದ ಶೇ. 7. ಅದು ಇಡೀ ಖಂಡದ ನೂರಾರು ಕ್ಲಬ್ಬುಗಳಿಗೆ.

ಪೈಥಾನ್ ಬರುವವರು ಇದನ್ನು ಒಂದು ಸಂಜೆಯಲ್ಲಿ ಬರೆದು ನೋಡಬಹುದು. 36 ತಂಡ, ಆರಂಭದಲ್ಲಿ ಎಲ್ಲರ ಬಲವೂ ಸಮ, ಗೆಲುವಿನಲ್ಲಿ ಸ್ವಲ್ಪ ಅದೃಷ್ಟ. ಪ್ರತಿ ಸೀಸನ್ ಮುಗಿದ ಮೇಲೆ ಮೇಲಿನ ಪ್ರಮಾಣದಲ್ಲಿ ದುಡ್ಡು ಹಂಚಿ, ದುಡ್ಡನ್ನು ಬಲಕ್ಕೆ ಸೇರಿಸಿ, 30 ಸೀಸನ್ ಓಡಿಸಿ. ಆಮೇಲೆ ಕೋಎಫಿಶಿಯಂಟ್ ಪಾಲನ್ನು ಶೇ. 35ರಿಂದ 10ಕ್ಕೆ ಇಳಿಸಿ ಮತ್ತೆ ಓಡಿಸಿ. ಎರಡು ಗ್ರಾಫ್‌ಗಳನ್ನೂ ನಮಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.