ಮೊದಲು ಸೀರೆ, ಆಮೇಲೆ ನಡಿಗೆ

ಲಕ್ವ ಹೊಡೆದವರ ಮನೆಗೇ ಹೋಗಿ ಫಿಸಿಯೋಥೆರಪಿ ಮಾಡಿಸುವುದು ನನ್ನ ಕೆಲಸ. ಕಂಪ್ಲಿ, ಸಂಡೂರು, ದರೋಜಿ ಸುತ್ತ ತಿರುಗುತ್ತೇನೆ. "ನಿಮಗೆ ಏನಾಗಬೇಕು?" ಎಂದು ನೇರವಾಗಿ ಕೇಳಿದರೆ ಈ ಕಡೆ ಉತ್ತರ ಸಿಗುವುದಿಲ್ಲ. "ನೀವ್ ಹೆಂಗ್ ಹೇಳ್ತೀರೋ ಹಂಗ್ರೀ" ಅನ್ನುತ್ತಾರೆ. ಡಾಕ್ಟರ ಮುಂದೆ ತಮ್ಮ ಬೇಕು ಬೇಡ ಹೇಳಿಕೊಂಡರೆ ಅಧಿಕಪ್ರಸಂಗ ಆದೀತೆಂಬ ಅಂಜಿಕೆ. ಅದಕ್ಕೇ ನಾನು ದಿನಚರಿ ಕೇಳುತ್ತೇನೆ. ಬೆಳಗ್ಗೆ ಎದ್ದು ಏನೇನು ಮಾಡುತ್ತಿದ್ದಿರಿ? ಈಗ ಯಾವುದಕ್ಕೆಲ್ಲ ಇನ್ನೊಬ್ಬರನ್ನು ಕರೆಯಬೇಕು? ಯಾವುದಕ್ಕೆ ಕರೆಯುವಾಗ ಹೆಚ್ಚು ಸಂಕಟ?

ದರೋಜಿ ಕೆರೆಯ ಕೆಳಗಿನ ಒಂದು ಮನೆ. ಅರವತ್ತು ದಾಟಿದ ಹೆಣ್ಣುಮಗಳು, ಬಲಗೈ ಸ್ವಾಧೀನದಲ್ಲಿರಲಿಲ್ಲ, ಬಲಗಾಲು ಅರೆಬರೆ. ಆಸ್ಪತ್ರೆಯ ಚೀಟಿಯಲ್ಲಿ "ವ್ಯಾಯಾಮಕ್ಕೆ ಸಹಕರಿಸುತ್ತಿಲ್ಲ" ಎಂದಿತ್ತು. "ನಮ್ಮವ್ವ ಅಡ್ಡಾಡಂಗಾದ್ರ ಸಾಕ್ರೀ ಮೇಡಂ" ಎಂದ ಮಗ. ಅವ್ವ ಗೋಡೆ ಕಡೆ ತಿರುಗಿದರು. ಮಗ ಹೊರಗೆ ಹೋದ ಮೇಲೆ ಬಾಯಿಬಿಟ್ಟರು: "ಯವ್ವಾ, ಈ ನೈಟಿ ಹಾಕ್ಕಂಡು ಓಣ್ಯಾಗ ಹೆಂಗ್ ನಡೀಲಿ? ಸೀರಿ ಉಡಾಕ ಕಲಿಸು. ನನ್ನ ಸಲುವಾಗಿ ಸೊಸಿ ಕೂಲಿ ಬಿಟ್ಟು ಕುಂತಾಳ."

ನಡೆಯಲು ಒಲ್ಲೆ ಎಂದಿದ್ದರ ಕಾರಣ ಕಾಲಲ್ಲಿ ಇರಲೇ ಇಲ್ಲ.

ಸೀರೆಯಿಂದಲೇ ಶುರು ಮಾಡಿದೆವು. ಲಂಗದ ಲಾಡಿ ಒಂದೇ ಕೈಯಲ್ಲಿ ಬಿಗಿಯಲಾಗದು, ಎಲಾಸ್ಟಿಕ್ ಹಾಕಿಸಿದೆವು. ರವಿಕೆಯ ಹುಕ್ಕಿನ ಜಾಗಕ್ಕೆ ವೆಲ್ಕ್ರೋ ಬಂತು. ತೊಡುವಾಗ ಮೊದಲು ಸೋತ ಕೈ, ಆಮೇಲೆ ಗಟ್ಟಿ ಕೈ. ಎಡಗೈ ನೆರಿಗೆ ಹಿಡಿಯುತ್ತದೆ, ಬಲ ಅಂಗೈ ಅದನ್ನು ಹೊಟ್ಟೆಗೆ ಒತ್ತಿ ನಿಲ್ಲಿಸಬೇಕು. ಸೆರಗು ಸುತ್ತಿ ತರುವಾಗ ಮೈಭಾರ ಬಲಗಾಲಿಗೆ ಬೀಳಲೇಬೇಕು. ಲಕ್ವದಲ್ಲಿ ಹಾಳಾದ ಮಿದುಳಿನ ಕೆಲಸವನ್ನು ಉಳಿದ ಭಾಗ ಒಂದಿಷ್ಟಾದರೂ ಕಲಿಯಬೇಕಾದರೆ ಅದದೇ ಚಲನೆ ನೂರಾರು ಸಲ ಆಗಬೇಕು. ರಬ್ಬರ್ ಚೆಂಡು ಹಿಚುಕಿ ಎಂದರೆ ಎರಡು ದಿನಕ್ಕೆ ಬೇಸರ ಬರುತ್ತದೆ. ಸೀರೆ ಉಡುವುದನ್ನು ಅವರು ನಾನಿಲ್ಲದಾಗಲೂ ಮಾಡಿದರು. ಭತ್ತದ ನಾಟಿಯ ಹೊತ್ತಿಗೆ ಸೊಸೆ ಕೂಲಿಗೆ ಹೊರಟಳು. ಅತ್ತೆ ಕೋಲು ಹಿಡಿದು ಓಣಿಗೆ ಬಂದರು. ಪಾದ ಇನ್ನೂ ಎಳೆಯುತ್ತದೆ, ಬೆರಳು ಪೂರ್ತಿ ಬಿಚ್ಚಿಲ್ಲ.

ಇದೇ ದರೋಜಿಯ ಬುರ್ರಕಥಾ ಈರಮ್ಮನವರಿಗೆ ಓದು ಬರಹ ಬರುತ್ತಿರಲಿಲ್ಲ. ದೊಡ್ಡ ದೊಡ್ಡ ಕಥನಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ತೀರಿಕೊಂಡದ್ದು 2014ರಲ್ಲಿ. ಇಂಥ ಊರಿನಲ್ಲೂ ಹೆಬ್ಬೆಟ್ಟು ಒತ್ತುವವರಿಗೆ ತಮ್ಮ ಮೈಯ ಬಗ್ಗೆ ಹೇಳಲು ಏನೂ ಇಲ್ಲವೆಂಬಂತೆ ನಾವು ಮಕ್ಕಳನ್ನೇ ಕೇಳುತ್ತೇವೆ. ನನಗೆ ಇದು ಸಹಿಸಲಾಗದ ಸಂಗತಿ.

ಮಾನಸಿಕ ಚಿಕಿತ್ಸೆಯಲ್ಲಿ ರೋಗಿಯನ್ನೇ ಕೇಳುವುದು ಇನ್ನೂ ಮುಖ್ಯ. 1980ರ ದಶಕದಲ್ಲಿ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮನೋರೋಗಕ್ಕೆ ಔಷಧಿ ಸಿಗುವಂತೆ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಔಷಧಿ ಊರ ಹತ್ತಿರ ಬಂದದ್ದು ದೊಡ್ಡ ಮಾತು. ಆದರೆ ಕುರಿ ಕಾಯುವ ಹುಡುಗನೊಬ್ಬ ಮಾತ್ರೆ ಬಿಟ್ಟಿದ್ದ: ಬೆಳಗ್ಗೆ ಮಂಪರು, ಕುರಿ ಹೊಡೆದುಕೊಂಡು ಹೋಗಲು ಆಗುತ್ತಿರಲಿಲ್ಲ. ಅದನ್ನು ಡಾಕ್ಟರಿಗೆ ಮುಟ್ಟಿಸಿದ ಮೇಲೆ ಮಾತ್ರೆಯ ಹೊತ್ತು ಬದಲಾಯಿತು, ಅವನೂ ನುಂಗತೊಡಗಿದ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೂ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ಮೊದಲೇ ಬರೆದಿಡುವ ಹಕ್ಕನ್ನೇ ಕೊಟ್ಟಿದೆ.

ಹಾಗೆಂದು ಕೇಳಿದ್ದಕ್ಕೆಲ್ಲ ಹೂಂ ಅನ್ನಲಾಗದು. ಬಿಪಿ ಮಾತ್ರೆ ಬಿಡುತ್ತೇನೆ ಎಂದವರ ಜೊತೆ ನಾನು ವಾದಕ್ಕೇ ಇಳಿಯುತ್ತೇನೆ. ಆದರೆ ಏಕೆ ಬಿಡುತ್ತಾರೆಂದು ಮೊದಲು ತಿಳಿದುಕೊಳ್ಳುತ್ತೇನೆ.

ಡಿಸ್ಚಾರ್ಜ್ ಚೀಟಿಯಲ್ಲಿ ಬಿಪಿ, ಶುಗರ್, ಮಾತ್ರೆಗಳ ಜೊತೆ ಇನ್ನೊಂದು ಸಾಲಿಗೆ ಜಾಗ ಬೇಕು: ಮನೆಗೆ ಹೋದ ಮೇಲೆ ಇವರು ಮೊದಲು ಏನು ಮಾಡಬೇಕೆಂದಿದ್ದಾರೆ. ರೋಗಿ ಹೇಳಿದ ಮಾತಿನಲ್ಲೇ ಅದನ್ನು ಬರೆದುಕೊಟ್ಟರೆ, ಚೀಟಿ ಹಿಡಿದು ಮನೆಗೆ ಹೋಗುವ ನನ್ನಂಥವರ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ.